ಒಂದೂವರೆ ವಾಲ್ಯೂಮಿನ ರಾಕ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮೂರಿನಲ್ಲಿ ರಾಕ್ ಸಂಗೀತ ಕೇಳುತ್ತಿದ್ದವರು ನಾನು ಮತ್ತು ಸುಮಾರು ಇಪ್ಪತ್ತು ಸಾವಿರ ರೇಷ್ಮೆ ಹುಳುಗಳು. ಹುಳುಗಳ ಅಭಿಪ್ರಾಯ ಏನಿತ್ತೆಂದು ಬಹಳ ಕಾಲ ತಪ್ಪು ತಿಳಿದಿದ್ದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ದೇವರಾಯಸಮುದ್ರದಿಂದ ಅರ್ಧ ಗಂಟೆಯ ನಡಿಗೆ. ಮನೆಯ ನಡುವಿನ ದೊಡ್ಡ ಅಂಕಣ ಹುಳುಗಳದ್ದು, ಜಗಲಿ ನಮ್ಮದು. ಗೋಡೆಗೆ ಒರಗಿಸಿದ ಅಡ್ಡೆಗಳಲ್ಲಿ ಸಾಲಾಗಿ ಬಿದಿರಿನ ತಟ್ಟೆಗಳು, ತಟ್ಟೆಗಳಲ್ಲಿ ಹುಳುಗಳು, ಹುಳುಗಳ ಮೇಲೆ ಹಿಪ್ಪುನೇರಳೆ ಸೊಪ್ಪು. ಅಮ್ಮ ಅವನ್ನು ತೆಲುಗಿನಲ್ಲಿ 'ಪಿಲ್ಲಲು' ಎನ್ನುತ್ತಿದ್ದಳು, ಅಂದರೆ ಮಕ್ಕಳು. ನನ್ನನ್ನು ಮಾತ್ರ ಹೆಸರು ಹಿಡಿದು ಕೂಗುತ್ತಿದ್ದಳು. ಆ ಅಂಕಣದಲ್ಲಿ ಚಪ್ಪಲಿ ಇಲ್ಲ, ಒಗ್ಗರಣೆಯ ಘಾಟು ಇಲ್ಲ, ಮುಖಕ್ಕೆ ಪೌಡರು ಹಚ್ಚಿದವರಿಗೆ ಪ್ರವೇಶವಿಲ್ಲ, ಗಟ್ಟಿ ಮಾತಿಲ್ಲ. ಮನೆಗೆ ಇದ್ದ ಒಂದೇ ಪ್ಲಗ್ ಪಾಯಿಂಟು ಇದ್ದದ್ದೂ ಅದೇ ಅಂಕಣದಲ್ಲಿ.

ಮಾವ ಮದ್ರಾಸಿನಿಂದ ತಂದುಕೊಟ್ಟ ಟೇಪ್ ರೆಕಾರ್ಡರನ್ನು ನಾನು ಆ ಪ್ಲಗ್ಗಿಗೆ ಸಿಕ್ಕಿಸಿದ ದಿನವೇ ಅಮ್ಮ ಷರತ್ತು ಹಾಕಿದಳು.

"ಹಾಕ್ಕೊ. ಬೇಡ ಅನ್ನಲ್ಲ. ಆದ್ರೆ ನನ್ನ ಬೆಳೆ ಕೆಡ್ತೋ, ಆ ಪೆಟ್ಟಿಗೆ ನಿಮ್ಮ ಮಾವನ ಮನೆಗೆ ವಾಪಸ್ಸು."

ವಾಲ್ಯೂಮಿನ ಗುಂಡಿಯ ಸುತ್ತ ಒಂದರಿಂದ ಹತ್ತರವರೆಗೆ ಅಂಕಿಗಳಿದ್ದವು. ಒಂದೂವರೆಗೆ ಇಟ್ಟರೆ ಹುಳುಗಳು ಸೊಪ್ಪು ತಿನ್ನುವ ಸದ್ದಿಗಿಂತ ಹಾಡು ಕೂದಲೆಳೆಯಷ್ಟು ಮೇಲಿರುತ್ತಿತ್ತು. ಆ ಸದ್ದು ಕೇಳದವರಿಗೆ ಹೇಳುವುದಾದರೆ, ಪಕ್ಕದ ಕೋಣೆಯಲ್ಲಿ ಯಾರೋ ಬಿಡುವಿಲ್ಲದೆ ಹಳೆಯ ಕಾಗದ ಮಡಚುತ್ತಿದ್ದಾರೆ ಅನ್ನಿಸುತ್ತದೆ. ಎರಡು ವರ್ಷ ನಾನು ಕೇಳಿದ ರಾಕ್ ಎಲ್ಲ ಅಷ್ಟೇ ಸದ್ದಿನದು. ಒಂದೂಮುಕ್ಕಾಲಿಗೆ ತಿರುಗಿಸಿದ ದಿನ ಹೋಗಿ ಒಂದೊಂದು ತಟ್ಟೆಯನ್ನೂ ಇಣುಕಿ ಬರುತ್ತಿದ್ದೆ. ಹುಟ್ಟಾ ನಾನು ಹಾಗೆ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಜಾತಿ.

ಕ್ಯಾಸೆಟ್ಟುಗಳನ್ನು ಕೊಡುತ್ತಿದ್ದವನು ಕೋಲಾರದ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ. ಚಿನ್ನದ ಗಣಿ ಕಡೆಯವನು. ಅವರ ಬೀದಿಯಲ್ಲಿ ಗ್ರಾಮಫೋನ್ ತಟ್ಟೆಗಳಿದ್ದ ಮನೆಗಳಿದ್ದವಂತೆ. ಅಲ್ಲಿಂದ ಹಳೆಯ ಹರಿಕಥೆ ಕ್ಯಾಸೆಟ್ಟುಗಳ ಮೇಲೆ ತುಂಬಿಸಿಕೊಂಡು ಬರುತ್ತಿದ್ದ. ಬ್ಯಾಂಡಿನ ಹೆಸರು ಬರೆಯುವ ಅಭ್ಯಾಸ ಅವನಿಗಿರಲಿಲ್ಲ. ಒಂದು ಬ್ಯಾಂಡಿಗೆ ಕೆಂಪು ಶಾಯಿಯ ಗೀಟು, ಇನ್ನೊಂದಕ್ಕೆ ಹಸಿರು. ಆಮೇಲೆ ಹೆಸರು ಗೊತ್ತಾದರೂ ನನ್ನ ಪಾಲಿಗೆ ಅವರು ಇವತ್ತಿಗೂ ಕೆಂಪು ಶಾಯಿಯವರು ಮತ್ತು ಹಸಿರು ಶಾಯಿಯವರು.

ಯಾರು ದೊಡ್ಡವರು ಎಂಬುದು ನಮ್ಮಿಬ್ಬರ ಜಗಳ. ನಾನು ಹಸಿರಿನ ಪಕ್ಷ. ಒಂದೂವರೆ ವಾಲ್ಯೂಮಿನಲ್ಲಿ ಬಹಳಷ್ಟು ರಾಕ್ ಸೀಸೆಯೊಳಗೆ ಸಿಕ್ಕ ನೊಣದಂತಾಗುತ್ತದೆ. ಹಸಿರು ಶಾಯಿಯವರು ಹಾಗಾಗುತ್ತಿರಲಿಲ್ಲ. ಅವರ ಡ್ರಮ್ಮಿನವನು ಪೆಟ್ಟನ್ನು ಒಂದು ಎಳೆ ತಡವಾಗಿ ಹಾಕುತ್ತಿದ್ದ, ಕೊಡ ಇಳಿಸುವ ಮೊದಲು ನೆಲ ನೋಡಿಕೊಳ್ಳುವವರ ಹಾಗೆ. ಗಿಟಾರಿನವನು ಒಂದು ಸ್ವರ ಮೀಟಿ ಸುಮ್ಮನಾಗುತ್ತಿದ್ದ. ಆ ಬಿಡುವಿನಲ್ಲಿ ಹುಳುಗಳು ತಿನ್ನುವುದು ಕೇಳುತ್ತಿತ್ತು, ತಾಳ ಮಾತ್ರ ತಪ್ಪುತ್ತಿರಲಿಲ್ಲ. ಬಾರಿಸದೆ ಬಿಟ್ಟ ಜಾಗವನ್ನೂ ಹಾಡಿನೊಳಗೇ ಇಟ್ಟುಕೊಳ್ಳುವ ಆ ತಂಡದ ಮೇಲೆ ನನಗಿದ್ದದ್ದು ಭಕ್ತಿಯೇ. ಸದ್ದು ತೆಗೆದ ಮೇಲೂ ಉಳಿಯುವುದೇ ದೊಡ್ಡ ರಾಕ್ ಎಂಬುದು ನನ್ನ ಸಿದ್ಧಾಂತ. ಆ ಸಿದ್ಧಾಂತ ಅಮ್ಮನ ಷರತ್ತಿನಿಂದ ಹುಟ್ಟಿದ್ದೆಂದು ಗೆಳೆಯನಿಗೆ ಹೇಳಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವನು ಮುಳಬಾಗಿಲಿನ ಬಸ್ಸಿಳಿದು ನಮ್ಮೂರಿಗೆ ಬಂದ. ಹುಳುಗಳಿಗೆ ಆಗ ನಾಲ್ಕನೆಯ ಜ್ವರ ಕಳೆದಿತ್ತು. ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. ಅದು ಕಳೆದ ಮೇಲೆ ಗೂಡು ಕಟ್ಟುವವರೆಗೆ ಅವಕ್ಕೆ ತಿನ್ನುವುದೊಂದೇ ಕೆಲಸ. ಅಮ್ಮ ತೋಟಕ್ಕೆ ಸೊಪ್ಪು ಕೊಯ್ಯಲು ಹೊರಟಿದ್ದಳು. ಹೋಗುವಾಗ ಮೂಲೆಯಲ್ಲಿ ಸೊಪ್ಪು ಸುತ್ತಿಟ್ಟ ಒದ್ದೆ ಗೋಣಿಯ ಕಡೆ ಕೈ ತೋರಿಸಿ, "ಹತ್ತು ಗಂಟೆಗೆ ಪಿಲ್ಲಲಿಗೆ ಸೊಪ್ಪು ಹಾಕು," ಎಂದಳು.

ಗೆಳೆಯ ಒಂದೂವರೆಯಲ್ಲಿ ಅರ್ಧ ಹಾಡು ಕೇಳಿ ನನ್ನ ಮುಖ ನೋಡಿದ.

"ಲೇ, ಇದೇನ್ಲಾ? ಸಾವಿನ ಮನೇಲಿ ರೇಡಿಯೋ ಕೇಳ್ದಂಗೆ ಕೇಳ್ತಿದೀಯ."

"ಹುಳು ಇದಾವೆ ಕಣೋ. ಬೆದರ್ತಾವೆ."

"ಎರಡು ವರ್ಷದಿಂದ ಹಿಂಗೇ ಕೇಳ್ಕೊಂಡು ನನ್ಹತ್ರ ವಾದ ಮಾಡ್ತಿದ್ಯಾ?" ಅವನು ಹಸಿರನ್ನು ತೆಗೆದು ಕೆಂಪು ಗೀಟಿನ ಕ್ಯಾಸೆಟ್ ಹಾಕಿದ. "ಹುಳುಗೆ ಕಿವಿ ಎಲ್ಲಿದೆ ತೋರ್ಸು, ಕಮ್ಮಿ ಮಾಡ್ತೀನಿ."

ನಾನು ಕಿವಿ ಹುಡುಕಲು ತಟ್ಟೆಗೆ ಬಗ್ಗಿದೆ. ಗುಂಡಿ ಎಂಟಕ್ಕೆ ಹೋಯಿತು.

ಕೆಂಪು ಶಾಯಿಯವರನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಗಿಟಾರು ಪೆಟ್ಟಿಗೆಯಿಂದ ಬರಲಿಲ್ಲ, ಕೂತ ನೆಲದಿಂದ ಬಂತು. ಹಾಡುವವನು ಗಂಟಲನ್ನು ನಾಳೆಗೆ ಉಳಿಸಿಕೊಳ್ಳುವ ಯೋಚನೆಯನ್ನೇ ಬಿಟ್ಟವನಂತೆ ಹಾಡುತ್ತಿದ್ದ. ಒಂದು ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು. ಅಡ್ಡೆಯ ಬಿದಿರು ಸಣ್ಣಗೆ ಅದುರುತ್ತಿತ್ತು. ಕ್ಯಾಸೆಟ್ಟಿನ ಒಂದು ಮುಖ ಪೂರಾ ಓಡಿ ಟಕ್ಕೆಂದು ನಿಂತಾಗ ನಾನು ನಗುತ್ತಿದ್ದೆ. ಏಕೆ ನಗುತ್ತಿದ್ದೆನೋ ತಿಳಿಯದು.

ಆಮೇಲೆ ಮೌನ ಕೇಳಿಸಿತು. ಕಾಗದ ಮಡಚುವ ಸದ್ದು ಇರಲಿಲ್ಲ.

ಎದ್ದು ನೋಡಿದೆ. ತಟ್ಟೆ ತಟ್ಟೆಗಳಲ್ಲಿ ಹುಳುಗಳೆಲ್ಲ ತಲೆ ಎತ್ತಿ ಗಾಳಿಯಲ್ಲಿ ಆಡಿಸುತ್ತಿದ್ದವು. ಒಂದೂ ತಿನ್ನುತ್ತಿರಲಿಲ್ಲ.

"ತಾಳ ಹಾಕ್ತಾವೆ ಕಣೋ," ಎಂದ ಗೆಳೆಯ. ನನ್ನ ಮುಖ ನೋಡಿದ ಮೇಲೆ ಸಣ್ಣ ದನಿಯಲ್ಲಿ, "ಬಸ್ಸಿಗೆ ಹೊತ್ತಾಯ್ತು, ಬರ್ತೀನಿ," ಎಂದು ಕ್ಯಾಸೆಟ್ಟನ್ನೂ ಬಿಟ್ಟು ಹೊರಟ. ಅಷ್ಟರಲ್ಲಿ ಅಮ್ಮ ಸೊಪ್ಪಿನ ಹೊರೆ ಹೊತ್ತು ಬಂದಳು. ತಟ್ಟೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಸೊಪ್ಪು ಹರಡತೊಡಗಿದಳು. ನಾನು ಕ್ಯಾಸೆಟ್ಟನ್ನು ತೆಗೆದು ಜೇಬಿಗಿಟ್ಟುಕೊಂಡೆ. ಹುಳುಗಳು ಮತ್ತೆ ತಿನ್ನಲು ಶುರು ಮಾಡಿದವು, ಆದರೆ ಅದು ಪೂರ್ತಿ ಮನಸ್ಸಿನಿಂದ ತಿನ್ನುವುದೋ ಸುಮ್ಮನೆ ಸಂಕೋಚಕ್ಕೋ ಎಂದು ನನಗೆ ಅನುಮಾನ.

ಮುಂದಿನ ನಾಲ್ಕು ದಿನ ನಾನು ಟೇಪ್ ರೆಕಾರ್ಡರ್ ಮುಟ್ಟಲಿಲ್ಲ. ಹುಳು ಮೆತ್ತಗಾಗಿ ನೇತುಬೀಳುವ ಸಪ್ಪೆರೋಗ ಎಲ್ಲಿ ಬರುತ್ತದೋ ಎಂದು ಕಾಲೇಜಿಗೂ ಹೋಗದೆ ತಟ್ಟೆ ಕಾದೆ. ಸ್ವಲ್ಪ ನಿಧಾನವಾಗಿ ಹರಿಯುವ ಹುಳು ಕಂಡರೆ ಇದು ಡ್ರಮ್ಮಿನ ಪೆಟ್ಟೇ ಸರಿ ಎನ್ನಿಸುತ್ತಿತ್ತು. ಪೆಟ್ಟಿಗೆಯನ್ನು ಮಾವನ ಮನೆಗೆ ಹೊರುವುದು ಒಂದು ಕಡೆಗಿರಲಿ, ಅಮ್ಮ ಇಪ್ಪತ್ತು ದಿನ ನಿದ್ದೆಗೆಟ್ಟು ಸಾಕಿದ್ದನ್ನು ನಾನು ಕ್ಯಾಸೆಟ್ಟಿನ ಒಂದು ಮುಖದಲ್ಲಿ ಕೊಂದೆನೆಂದು ನಡುರಾತ್ರಿಯಲ್ಲೂ ಎದ್ದು ತಟ್ಟೆ ಇಣುಕುತ್ತಿದ್ದೆ.

ಐದನೆಯ ದಿನ ಹುಳುಗಳು ಹಣ್ಣಾದವು. ಮೈ ಹೊಂಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಬೆರಳು ಕಾಣುವಂತಾದವು. ಅವನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತ, ತಡೆಯಲಾರದೆ ಒಪ್ಪಿಕೊಂಡೆ.

"ಅಮ್ಮ, ಅವತ್ತು ಜೋರಾಗಿ ಹಾಕಿದ್ದೆ. ಹುಳು ಎಲ್ಲಾ ಹೆದರಿ ತಲೆ ಎತ್ತಿಬಿಟ್ವು."

"ಗೊತ್ತು. ತೋಟದ ತನಕ ಕೇಳಿಸ್ತು." ಅವಳ ಕೈ ನಿಲ್ಲಲಿಲ್ಲ. "ಹೆದರಿ ಎತ್ತಿದ್ದಲ್ಲ ಕಣೋ ಅದು. ಹಸಿದು ಎತ್ತಿದ್ದು. ತಟ್ಟೇಲಿ ಬರೀ ಎಲೆ ನರ ಇತ್ತು. ಹತ್ತು ಗಂಟೆ ಸೊಪ್ಪು ಹಾಕಿದ್ಯಾ ನೀನು?"

ಹಾಕಿರಲಿಲ್ಲ. ಮೂಲೆಯ ಗೋಣಿಯನ್ನು ಬಿಚ್ಚಿಯೂ ಇರಲಿಲ್ಲ. ನಾಲ್ಕು ದಿನ ಇಲ್ಲದ ರೋಗ ಹುಡುಕುತ್ತ ಕುಳಿತವನಿಗೆ ಅದು ನೆನಪಿಗೂ ಬಂದಿರಲಿಲ್ಲ.

"ಒಂದು ಹೊತ್ತು ತಡ ಆದ್ರೆ ಸಾಯಲ್ಲ ಬಿಡು," ಎಂದಳು. ಮುಂದಿನ ತಟ್ಟೆ ಎಳೆದುಕೊಂಡು, "ಬೀಗ ಮೂರು ಸಲ ಎಳೆಯೋನಿಗೆ ಆ ಹಾಡು ಸೊಪ್ಪು ಮರೆಸ್ತು ಅಂದ್ರೆ ಅದ್ರಲ್ಲಿ ಏನೋ ಇರ್ಬೇಕು. ಇನ್ಮೇಲೆ ಸೊಪ್ಪು ಹಾಕು, ಆಮೇಲೆ ಅದನ್ನ ಹಾಕು."

ಪೆಟ್ಟಿಗೆ ಉಳಿಯಿತು. ನನ್ನ ಸಿದ್ಧಾಂತ ಉಳಿಯಲಿಲ್ಲ. ಹಸಿರು ಶಾಯಿಯವರನ್ನು ಕೇಳುತ್ತ ನಾನು ಎಂದೂ ಏನನ್ನೂ ಮರೆತಿರಲಿಲ್ಲ. ಅವರು ನನ್ನ ಹೆದರಿಕೆಯ ಜೊತೆಗೇ ಕೂತು ಬಾರಿಸುವ ಸಭ್ಯರು. ಅವರ ಮೇಲಿನ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಹುಟ್ಟಿದಾಗಿನಿಂದ ನನ್ನ ಹೆಗಲ ಮೇಲೆ ಕೂತಿದ್ದ ಅಂಜುಬುರುಕನನ್ನು ಕ್ಯಾಸೆಟ್ಟಿನ ಒಂದು ಮುಖದಷ್ಟು ಹೊತ್ತು ಕೆಳಗಿಳಿಸಿದವರು ಕೆಂಪಿನವರು. ಮರುದಿನ ಕಾಲೇಜಿನಲ್ಲಿ ಗೆಳೆಯನಿಗೆ ಅದನ್ನೇ ಹೇಳಿದೆ. ಅವನು ಮೊದಲು ಕೇಳಿದ್ದು, "ಹುಳು ಬದುಕಿದಾವಾ?" ಎಂದು. ಆ ನಾಲ್ಕು ದಿನ ಅವನಿಗೂ ಊಟ ಸೇರಿರಲಿಲ್ಲವಂತೆ.

ಈಗ ಮನೆಯಲ್ಲಿ ಹುಳುಗಳಿಲ್ಲ, ಪ್ಲಗ್ ಪಾಯಿಂಟುಗಳು ಬೇಕಾದಷ್ಟಿವೆ. ಹಸಿರು ಶಾಯಿಯವರನ್ನು ಯಾವ ಹೊತ್ತಿನಲ್ಲಾದರೂ ಹಾಕಿಕೊಳ್ಳುತ್ತೇನೆ. ಕೆಂಪಿನವರನ್ನು ಹಾಕುವ ಮೊದಲು ಮಾತ್ರ ಅಡುಗೆಮನೆಗೆ ಹೋಗಿ ಹಾಲಿನ ಒಲೆ ಆರಿಸಿ ಬರುತ್ತೇನೆ. ಕೂರುವ ಮೊದಲು ಇನ್ನೊಮ್ಮೆ ಹೋಗಿ ನೋಡುತ್ತೇನೆ. ಆಮೇಲೆ ಎಂಟಕ್ಕೆ ಇಡುತ್ತೇನೆ.