ನಾರು ಸೀಳುತ್ತಿದ್ದವಳು

ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಪಕ್ಕ ತಳ್ಳುಗಾಡಿಯವನು ಕೊತ್ತಂಬರಿ ಸೊಪ್ಪಿಗೆ ನೀರು ಚಿಮುಕಿಸಿದರೆ ಸಾಕು, ಆ ವಾಸನೆಗೆ ನಿಂತುಬಿಡುತ್ತೇನೆ, ನನ್ನ ಬಸ್ಸು ತಪ್ಪುತ್ತದೆ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು. ಕಗ್ಗದಾಸಪುರದಲ್ಲಿ ಇನ್ನೂ ಹೊಲಗಳಿದ್ದಾಗಿನ ನಮ್ಮ ಹಿತ್ತಿಲು ಕಣ್ಣೆದುರು ಬರುತ್ತದೆ. ಮಧ್ಯಾಹ್ನ ಅಜ್ಜಿ ಸೊಪ್ಪಿನ ರಾಶಿಯ ಮುಂದೆ ಕೂತು, ನೆನೆಸಿಟ್ಟ ಬಾಳೆನಾರನ್ನು ಎಡಗಡೆಯ ಮುರಿದ ಹಲ್ಲಿಗೆ ಸಿಕ್ಕಿಸಿ ಸರ್ರನೆ ಸೀಳಿ, ಒಂದೊಂದೇ ಕಟ್ಟು ಕಟ್ಟುತ್ತಿದ್ದಳು. ಬೆಳಗ್ಗೆ ಅದು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಆ ಮನೆ ಈಗಿಲ್ಲ. ಅಲ್ಲೆದ್ದಿರುವ ನಾಲ್ಕಂತಸ್ತಿನ ಕಟ್ಟಡದಲ್ಲೇ ನಾನಿದ್ದೇನೆ.

ದೊಡ್ಡಪ್ಪ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರು, ನವ್ಯ ಕವಿತೆ ಬರೆಯುತ್ತಿದ್ದರು. ಭಾನುವಾರ ಅವರ ಗೆಳೆಯರು ಲಿಂಗರಾಜಪುರದಿಂದ ಸೈಕಲ್ಲಿನಲ್ಲಿ ಬಂದು ಜಗಲಿ ತುಂಬುತ್ತಿದ್ದರು. ಒಮ್ಮೆ ಪತ್ರಿಕೆಯಲ್ಲಿ ದೊಡ್ಡಪ್ಪನ ಕವಿತೆ ಬಂತು, ಸೊಪ್ಪು ಕಟ್ಟುವ ಮುದುಕಿಯ ಮೇಲೆ. ಮುದುಕಿ ಎಂದರೆ ಕಾಲ, ನಾರು ಎಂದರೆ ಬಂಧನ, ಕಿತ್ತ ಸೊಪ್ಪು ಬೇರು ಕಳೆದುಕೊಂಡ ನಗರದ ಮನುಷ್ಯ ಎಂದು ಗೆಳೆಯರು ಬಿಡಿಸಿ ಹೇಳಿದರು. ದೊಡ್ಡಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಾಗಿಲ ಹಿಂದೆ ಅಜ್ಜಿ ಓಡಾಡುತ್ತಿದ್ದಳು, ಹೆತ್ತ ತಾಯಿಯ ಎದುರು ಮನಸ್ಸು ಬಿಚ್ಚುವ ರೂಢಿ ನಮ್ಮ ಮನೆಯ ಗಂಡಸರಿಗೆ ಇರಲಿಲ್ಲ. ಕಾಫಿ ಲೋಟ ಹಂಚುತ್ತಿದ್ದ ಒಂಬತ್ತನೇ ಕ್ಲಾಸಿನ ನಾನು ಗೆಳೆಯರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡೆ.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದಳು. "ನಿಮ್ ದೊಡ್ಡಪ್ಪ ನನ್ ಮ್ಯಾಲೆ ಏನೋ ಬರ್ದವ್ನಂತೆ, ಒಸಿ ಓದವ್ವ." ಓದಿದೆ. ನಡುವೆ ಒಂದು ಸಾಲಿಗೆ ಗೆಳೆಯರು ಯಾರೂ ಅರ್ಥ ಹೇಳಿರಲಿಲ್ಲ, ಅದನ್ನು ಹಾರಿಸಿಬಿಟ್ಟೆ. ಕೊನೆಗೆ ದೊಡ್ಡ ಪಂಡಿತೆಯ ಹಾಗೆ, "ಇದು ನೀನಲ್ಲಜ್ಜಿ. ಸಂಕೇತ ಇದು, ಕಾಲ ಅಂತ ಅರ್ಥ" ಅಂದೆ. "ನಾನಲ್ವಾ?" ಅಂದಳು. "ಓಗ್ಲಿ ಬುಡು, ನಾನ್ಯಾಕ್ ಆಯ್ತೀನಿ" ಎಂದು ಮತ್ತೆ ಸೊಪ್ಪಿನ ಮುಂದೆ ಕೂತಳು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು, ದೊಡ್ಡಪ್ಪನೂ ಇಲ್ಲ. ಇವತ್ತು ತಂದ ಸೊಪ್ಪಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರು. ಅದನ್ನು ಬಿಚ್ಚಿಟ್ಟು, ಹಳೆಯ ಪತ್ರಿಕೆ ಹುಡುಕಿ ತೆಗೆದು, ಅಂದು ಹಾರಿಸಿದ ಸಾಲನ್ನು ಖಾಲಿ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ: 'ಎಡಗಡೆಯ ಮುರಿದ ಹಲ್ಲಲ್ಲಿ ನಾರು ಸೀಳುವವಳು.' ಕಾಲಕ್ಕೆ ಎಲ್ಲಿಯ ಮುರಿದ ಹಲ್ಲು? ಅದೊಂದು ಸಾಲು ಓದಿದ್ದರೆ ಸಾಕಿತ್ತು, ಅಜ್ಜಿ ಹಲ್ಲು ಮುಟ್ಟಿ ನೋಡಿಕೊಂಡು ನಗುತ್ತಿದ್ದಳು.