ಅಂಟು ಪುಸ್ತಕದ ಮೇಲೆ ಕೂತ ದೇವರುಗಳು

ಅಕ್ಕನ ಅಂಟು ಪುಸ್ತಕಕ್ಕೆ ಸ್ಫೂರ್ತಿ ಯಾರು ಎಂದು ನಮ್ಮ ನೆಂಟರಲ್ಲಿ ಯಾರನ್ನೇ ಕೇಳಿ, ಸೋದರಮಾವನ ಕಡೆಗೆ ಕೈ ತೋರಿಸುತ್ತಾರೆ. ಮಾವ ಹಿರಿಯೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. "ಆ ಹುಡುಗಿಗೆ ಕಣ್ಣು ಕೊಟ್ಟೋನೇ ನಾನು" ಎಂದು ಅವರು ಊಟದ ಪಂಕ್ತಿಯಲ್ಲಿ ಕೂತು ಹೇಳುವುದನ್ನು ನಾನೇ ಕೇಳಿದ್ದೇನೆ. ಚಿತ್ರದುರ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಾನು ಕಲಿತದ್ದು ಇಷ್ಟು: ಜನ ತಲೆಯಾಡಿಸಿದ ಮಾತ್ರಕ್ಕೆ ಮಾತು ಸಾಬೀತಾಗುವುದಿಲ್ಲ. ಮಾವ ಆ ಪುಸ್ತಕವನ್ನು ಮೊದಲು ನೋಡಿದಾಗ ಅದರಲ್ಲಿ ಖಾಲಿ ಹಾಳೆಯೇ ಉಳಿದಿರಲಿಲ್ಲ. ಮುಗಿದ ಕೆಲಸಕ್ಕೆ ಸ್ಫೂರ್ತಿ ಕೊಡುವುದು ಹೇಗೆ?

ಅದು ಶುರುವಾದದ್ದು ಹೊಳಲ್ಕೆರೆಯ ನಮ್ಮ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಒಗೆಯುವ ಮುಂಚೆ ಅಪ್ಪನ ಅಂಗಿಯ ಜೇಬು ತಡಕುವುದು ಅಕ್ಕನ ಕೆಲಸ. ಸಿಕ್ಕಿದ ಚೂರುಪಾರನ್ನು ಅವಳು ಎಸೆಯಲಿಲ್ಲ. ಅಪ್ಪ ಜವಳಿ ಅಂಗಡಿಯಲ್ಲಿ ಗುಮಾಸ್ತ. ಅಲ್ಲಿಂದ ಹಳೆಯದೊಂದು ಸ್ಯಾಂಪಲ್ ಪುಸ್ತಕ ತಂದುಕೊಟ್ಟಿದ್ದ. ದಪ್ಪ ಹಾಳೆಗಳು, ಕೆಲವುಗಳಲ್ಲಿ ಬಟ್ಟೆಯ ತುಂಡುಗಳು ಇನ್ನೂ ಇದ್ದವು. ಅಕ್ಕ ಜೇಬಿನ ಚೂರುಗಳನ್ನು ಅದರಲ್ಲಿ ಅಂಟಿಸಿ, ಕೆಳಗೊಂದು ಸಾಲು ಬರೆಯುತ್ತಿದ್ದಳು. ಬೀಡಿ ಕಟ್ಟಿನ ಲೇಬಲ್ಲಿನ ಕೆಳಗೆ: 'ಅಪ್ಪ ಬೀಡಿ ಬಿಟ್ಟ ಮೇಲೆ ಸಿಕ್ಕಿದ್ದು.' ನೀಲಿ ಬಟ್ಟೆಯ ಕೆಳಗೆ: 'ಅವ್ವ ಮುಟ್ಟಿ ಮುಟ್ಟಿ ನೋಡಿ, ಬೇಡ ಅಂದ ಬಣ್ಣ.' ಮಾರಿಕಣಿವೆ ಅಣೆಕಟ್ಟಿನ ಬಸ್ ಟಿಕೇಟಿನ ಕೆಳಗೆ: 'ನೀರು ನೋಡಲು ಹೋದೆವು. ಬುತ್ತಿ ಬಿಚ್ಚುವ ತನಕ ಅವ್ವ ಅಪ್ಪನ ಜೊತೆ ಮಾತಾಡಲಿಲ್ಲ.' ಇವನ್ನು ಓದಿದ ದಿನ, ವೇದಿಕೆಯ ಮೇಲೆ ನಾನು ಕೂಗುವುದೆಲ್ಲ ಬರೀ ಗಾಳಿ ಅನಿಸಿತ್ತು.

ಅಷ್ಟರಲ್ಲಿ ಹೊಸದುರ್ಗದಿಂದ ಗಂಡಿನವರು ಬರುತ್ತಾರೆಂದು ಸುದ್ದಿ ಬಂತು. ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ಜೊತೆ ಹುಡುಗಿಯ ಕೈಕೆಲಸವನ್ನೂ ಇಡಬೇಕು: ಕಸೂತಿಯ ದಿಂಬಿನ ಚೀಲ, ವಯರಿನ ಬುಟ್ಟಿ, ಮಣಿಯ ಗಿಳಿ. ಅಕ್ಕನಿಗೆ ಇವು ಯಾವುವೂ ಬರುತ್ತಿರಲಿಲ್ಲ. ಹಿಂದಿನ ದಿನವೇ ಬಂದಿಳಿದ ಮಾವನ ಕಣ್ಣು ಪುಸ್ತಕದ ಮೇಲೆ ಬಿತ್ತು.

"ಇದನ್ನೇ ಇಡಾಣ" ಎಂದವರು, ಸಾಲುಗಳನ್ನು ಓದಿ ಹೌಹಾರಿದರು. "ಲೇ, ನಿಮ್ಮಪ್ಪನ ಬೀಡಿ, ನಿಮ್ಮವ್ವನ ಮುನಿಸು, ಇವನ್ನ ಬೀಗರ ಕೈಗೆ ಕೊಡ್ತೀಯೇನೇ? ಮನೆಗೆ ಮಾನ ಐತೋ ಇಲ್ವೋ? ಮೇಲೆ ದೇವ್ರ ಪಟ ಅಂಟ್ಸಿ ಮುಚ್ಚಾಣ."

"ಬ್ಯಾಡ ಬಿಡ್ರಿ ಮಾವ," ಎಂದೆ ನಾನು. "ಪಕ್ಕದ ಮನೇರ ಬುಟ್ಟಿ ಈಸ್ಕಂಡು ಬರ್ತೀನಿ."

"ಅದು ಸುಳ್ಳಾಗ್ತೈತಲ್ಲವ್ವ," ಎಂದರು ಮಾವ.

"ಮತ್ತೆ ನೀವು ಮಾಡಾಕೆ ಹೊಂಟಿರೋದು?"

"ಬಂದ್ಳಪ್ಪ ಲಾಯರಮ್ಮ! ಇವಳಿಗೆ ಗಂಡು ಹುಡುಕಾಕೆ ಕೋರ್ಟಿಗೇ ಹೋಗ್ಬೇಕು." ಮಾವನ ಮಾತಿಗೆ ಅವ್ವ ನಕ್ಕುಬಿಟ್ಟಳು. ಚರ್ಚೆ ಅಲ್ಲಿಗೆ ಮುಗಿಯಿತು.

ಮಾವ ಹಳೆಯ ಕ್ಯಾಲೆಂಡರುಗಳನ್ನು ಕತ್ತರಿಸಿದರು. ಬೀಡಿಯ ಮೇಲೆ ಗಣಪತಿ ಬಂದ, ಅವ್ವನ ನೀಲಿಯ ಮೇಲೆ ಲಕ್ಷ್ಮಿ ಕೂತಳು, ಮಾರಿಕಣಿವೆಯ ಮೇಲೆ ಸರಸ್ವತಿ. ಅಕ್ಕ ಅಳಲಿಲ್ಲ, ಬೇಡ ಎನ್ನಲೂ ಇಲ್ಲ. ಯಾರೂ ಹೇಳದಿದ್ದರೂ ಒಲೆಯ ಮೇಲೆ ಮೈದಾ ಅಂಟು ಕಾಯಿಸಿ, ಗಂಟಾಗದ ಹಾಗೆ ತಿರುವಿ, ಬಟ್ಟಲಲ್ಲಿ ತಂದು ಮಾವನ ಪಕ್ಕದಲ್ಲಿಟ್ಟಳು.

ಮರುದಿನ ಗಂಡಿನ ತಾಯಿ ಪುಟ ತಿರುವಿ ಬೆರಗಾದರು. "ಎಂಥಾ ಭಕ್ತಿ ನೋಡ್ರಿ ಹುಡುಗಿಗೆ! ಹಾಳೆ ತುಂಬಾ ದೇವ್ರೇ ಅವೆ." ಹುಡುಗ ಪುಸ್ತಕ ಮುಟ್ಟಲಿಲ್ಲ, ಉಪ್ಪಿಟ್ಟು ಮುಗಿಸಿದ. ಸಂಬಂಧ ಕುದುರಿತು. ಮಾವನಿಗೆ ಸ್ಫೂರ್ತಿಯ ಪಟ್ಟ ಸಿಕ್ಕಿದ್ದು ಅವತ್ತು.

ಈಗ ಆ ಪುಸ್ತಕ ಹೊಸದುರ್ಗದ ಮನೆಯಲ್ಲಿ ದೇವರ ಗೂಡಿನೊಳಗಿದೆ. ಅಕ್ಕನ ಅತ್ತೆ ದಿನಾ ಅದಕ್ಕೆ ಕುಂಕುಮ ಇಡುತ್ತಾರೆ. ಅಕ್ಕ ಇನ್ನೊಂದು ಪುಸ್ತಕ ಶುರುಮಾಡಲಿಲ್ಲ. ಮೊನ್ನೆ ಹೋಗಿದ್ದಾಗ, ಅತ್ತೆ ಆಚೆ ಹೋದ ಸಮಯ ನೋಡಿ ಹೇಳಿದೆ: "ಹಬೆ ಹಿಡಿದ್ರೆ ಮೇಲಿನ ಹಾಳೆ ಬಿಡ್ತೈತೆ. ಬಾ, ಬಿಡಿಸಾಣ."

"ದೇವ್ರು ಕಣೇ. ಕೀಳಬಾರ್ದು."

"ಕ್ಯಾಲೆಂಡರ್ ಕಣಕ್ಕ."

ಅವಳು ಮೊರದಲ್ಲಿದ್ದ ಅಕ್ಕಿಯನ್ನು ಆರಿಸುತ್ತಲೇ ಇದ್ದಳು. ಮಾವನ ವಿರುದ್ಧ ನನ್ನ ಹತ್ತಿರ ಬೇಕಾದಷ್ಟು ವಾದ ಇದೆ. ಅವತ್ತು ಅವಳೇ ಕಾಯಿಸಿ ತಂದ ಅಂಟಿನ ಮುಂದೆ ಒಂದೂ ನಿಲ್ಲುವುದಿಲ್ಲ. ಆದ್ದರಿಂದ ಕೇಳಿಯೇಬಿಟ್ಟೆ.

"ನಿಜ ಹೇಳಕ್ಕ, ಆ ಸಾಲುಗಳು ಮುಚ್ಚಿಹೋದಾಗ ನಿಂಗೆ ಹಗುರಾಯ್ತಾ?"