ಕುಡಿಕೆ ಯಾವ ಕೈಯಲ್ಲಿತ್ತು

ಟಾಲಿಗಂಜಿನ ಬಂಗಾಳಿ ಧಾರಾವಾಹಿಗಳಲ್ಲಿ ಅರ್ಧ ಆಯಸ್ಸು ಕಂಟಿನ್ಯುಯಿಟಿ ನೋಡಿಕೊಂಡ ವಾಸಂತಿ ಈಗ ಅಲಿಪುರದ ಕಾಲೇಜೊಂದರ ಸಿನಿಮಾ ತರಬೇತಿ ಕೇಂದ್ರದಲ್ಲಿ ಅದನ್ನೇ ಕಲಿಸುತ್ತಾಳೆ. ಕೆಲಸ ಇಷ್ಟೆ: ಊಟಕ್ಕೆ ಮೊದಲಿನ ಶಾಟಿನಲ್ಲಿ ನಾಯಕಿಯ ಸೆರಗು ಹೇಗಿತ್ತೋ ಊಟದ ನಂತರವೂ ಹಾಗೇ ಇರಬೇಕು. ಉಡುಪಿ ಕಡೆಯ ಈ ಹೆಂಗಸಿಗೆ ತನ್ನ ನೆನಪಿನ ಬಗ್ಗೆ ಸಣ್ಣ ಜಂಬವಲ್ಲ. ಅವಳ ಕ್ಲಾಸಿನಲ್ಲಿ ಮೊದಲು ಬಾಯಿಂದ ಹೇಳಬೇಕು, ಆಮೇಲೆ ಫೋನಿನ ಫೋಟೋ ತೆರೆದು ತಾಳೆ ನೋಡಬೇಕು. ಫೋಟೋ ಅಳಿಸುವುದೆಂದರೆ ಅವಳ ಪಾಲಿಗೆ ಕಳ್ಳತನ.

ಈಚೆಗೆ ಆ ಜಂಬಕ್ಕೆ ಗೆದ್ದಲು ಹಿಡಿದಿತ್ತು. ಸಾಂಬಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಕಾಳಿಘಾಟಿನಲ್ಲಿ ಇಳಿಯಬೇಕಾದವಳು ಒಮ್ಮೆ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ದಕ್ಷಿಣೇಶ್ವರದವರೆಗೆ ಹೋಗಿ, ಏಕೆ ಬಂದೆನೆಂದು ತಿಳಿಯದೆ ಬೆಂಚಿನ ಮೇಲೆ ಕೂತಿದ್ದಳು. ಕೇಟರಿಂಗ್ ನಡೆಸುವ ಗಂಡ ಶ್ರೀವತ್ಸ, ಒಲೆ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಹತ್ತದಿರಲೆಂದು, ಆರಿಸಿದ ಒಲೆಯ ಫೋಟೋ ದಿನವೂ ಅವಳಿಗೆ ಕಳಿಸತೊಡಗಿದ.

"ಒಮ್ಮೆ ಡಾಕ್ಟರಿಗೆ ತೋರಿಸುವ ಮಾರಾಯ್ತಿ."

"ನನಗೆಂತ ಆಗಿದೆ?" ಎಂದು ಹಾರಿಬಿದ್ದಳು. ಸಿಟ್ಟೇನೂ ಅಲ್ಲ, ಹೆದರಿಕೆ. ನೆನಪು ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ತಾನು ಯಾರು?

ಆ ವಾರ ಅಭ್ಯಾಸದ ಚಿತ್ರೀಕರಣವಿತ್ತು. ಮುದುಕಿಯೊಬ್ಬಳು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುವ ದೃಶ್ಯ. ಕಂಟಿನ್ಯುಯಿಟಿಗೆ ನಿಂತವಳು ವಿದ್ಯಾರ್ಥಿನಿ ಶರಣ್ಯಾ, ಧಾರವಾಡದ ರೈಲ್ವೆ ನೌಕರರ ಮಗಳು. ಧಾರಾವಾಹಿಯೊಂದರ ಕೆಲಸಕ್ಕೆ ಕೇಂದ್ರದ ಮುಖ್ಯಸ್ಥರು ಅವಳ ಹೆಸರನ್ನೇ ಕೊಡುವವರಿದ್ದರು. ಊಟಕ್ಕೆ ಮೊದಲು ದೂರದ ಶಾಟ್ ಮುಗಿದಿತ್ತು, ಊಟದ ನಂತರ ಹತ್ತಿರದ ಶಾಟ್.

"ಕುಡಿಕೆ ಎಡಗೈಯಾಗ ಇತ್ರಿ, ವಾಸಂತಿದಿ," ಎಂದಳು ಶರಣ್ಯಾ, ಅಕ್ಕ ಎನ್ನುವ ಬಂಗಾಳಿ 'ದಿ' ಸೇರಿಸಿ.

"ಬಲಗೈ ಮಾರಾಯ್ತಿ! ಕಣ್ಣಾರೆ ನೋಡಿದ್ದೇನೆ."

ಶರಣ್ಯಾ ಫೋಟೋ ತೆರೆದು ನೋಡಿದಳು. ಆಮೇಲೆ ವಾಸಂತಿಯ ಮುಖ ನೋಡಿದಳು. "ಹೌದ್ರಿ, ಬಲಗೈ," ಎಂದಳು.

ಮರುದಿನ ಎಡಿಟಿಂಗ್ ಕೋಣೆಯಲ್ಲಿ ಎರಡು ಶಾಟ್ ಜೋಡಿಸಿದಾಗ ಕುಡಿಕೆ ಎಡಗೈಯಿಂದ ಬಲಗೈಗೆ ಹಾರಿತು. ಹುಡುಗರು ನಕ್ಕರು, ಮುಖ್ಯಸ್ಥರು ನಗಲಿಲ್ಲ. ಫೋಟೋ ಎಲ್ಲಿ ಎಂದು ಕೇಳಿದರು. ಡಿಲೀಟ್ ಆಗಿದೆ, ತಪ್ಪು ನನ್ನದೇ ಎಂದಳು ಶರಣ್ಯಾ. ಹಾಗಾದರೆ ಧಾರಾವಾಹಿಗೆ ಬೇರೆಯವರನ್ನು ಕಳಿಸುತ್ತೇನೆ ಎಂದರು ಅವರು.

ವಾಸಂತಿಗೆ ರೇಗಿಹೋಯಿತು. ಇಷ್ಟು ಹೇಳಿಕೊಟ್ಟರೂ ಫೋಟೋ ಅಳಿಸಿದಳಲ್ಲ! ಬೈಯಲು ಬಾಯಿ ತೆರೆಯುವಷ್ಟರಲ್ಲಿ ಎಡಿಟರ್ ಊಟದ ನಂತರದ ಶಾಟನ್ನು ಮೊದಲಿನಿಂದ ಹಾಕಿದ. ಕ್ಯಾಮೆರಾಕ್ಕೂ ಮೊದಲೇ ಸೌಂಡ್ ರೆಕಾರ್ಡಿಂಗ್ ಶುರುವಾಗಿ, ಆಗಿನ ಮಾತೂ ಅದರಲ್ಲಿ ಸೇರಿತ್ತು. "ಬಲಗೈ ಮಾರಾಯ್ತಿ! ಕಣ್ಣಾರೆ ನೋಡಿದ್ದೇನೆ."

ದನಿ ಅವಳದೇ. ಆಡಿದ ನೆನಪು ಮಾತ್ರ ಇಲ್ಲವೇ ಇಲ್ಲ.

ಆ ಕೋಣೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ. ಶರಣ್ಯಾ ತಲೆ ಎತ್ತಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರಬೇಕೆಂದು ವಾಸಂತಿಗೆ ಎಷ್ಟು ಆಸೆಯಾಯಿತು! ಆದರೆ ತಾನು ಕಲಿಸಿದ್ದನ್ನೆಲ್ಲ ಈ ಮಗು ತನಗಾಗಿಯೇ ಮುರಿದಿತ್ತು.

ಅವಳು ಎದ್ದು ನಿಂತು ಬಂಗಾಳಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: ಆ ದನಿ ನನ್ನದು, ಬಲಗೈ ಎಂದದ್ದು ನಾನು, ಹುಡುಗಿ ಸರಿಯಾಗಿಯೇ ಹೇಳಿದ್ದಳು. ನನಗೀಗ ನೆನಪು ನಿಲ್ಲುತ್ತಿಲ್ಲ.

ವಾಸಂತಿ ಶರಣ್ಯಾಳ ಕಡೆ ತಿರುಗಿದಳು.

"ಫೋನ್ ತೆಗಿ. ಈಗ ಹೇಳಿದ್ದನ್ನೇ ಮತ್ತೊಮ್ಮೆ ಹೇಳ್ತೇನೆ, ವಿಡಿಯೋ ಮಾಡು. ನಾಳೆ ನಾನು ಹೇಳಲೇ ಇಲ್ಲ ಅಂತ ಜಗಳಕ್ಕೆ ಬಂದ್ರೆ ತೋರಿಸು. ಇದನ್ನೊಂದು ಅಳಿಸಬೇಡ ಮಗಾ."